ಮುಂದಿನ ಸೀಟಿಗೆ ಒಂದು ಬಕೀಟು ಹಿಟ್ಟು

ವಸಂತಿಗೆ ಸಿಟ್ಟು ಬಂದರೆ ಪಾತ್ರೆ ಕುಕ್ಕುವುದಿಲ್ಲ, ಮಾತು ಬಿಡುವುದಿಲ್ಲ, ಅಳುವುದಂತೂ ಇಲ್ಲವೇ ಇಲ್ಲ. ತುಂಬ ವಿನಯದಿಂದ ನಡೆದುಕೊಳ್ಳಲು ಶುರುಮಾಡುತ್ತಾಳೆ. ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡ ಕರುಣಾಕರನಿಗೆ ಈ ಗುಟ್ಟು ಇನ್ನೂ ತಿಳಿದಿಲ್ಲ. ಹೆಂಡತಿ ಎರಡು ಸಲ ‘ಆಯ್ತ್’ ಅಂದರೆ ವಿಷಯ ಮುಗಿಯಿತೆಂದು ನೆಮ್ಮದಿಯಿಂದ ಇನ್ನೊಂದು ಲೋಟ ಕಾಫಿ ಕೇಳುವ ಆಸಾಮಿ ಅವನು. ಮಾರ್ಚ್ ಒಂದನೇ ತಾರೀಕಿನ ಗುರುವಾರ ಬೆಳಿಗ್ಗೆ ಎಂಟು ಗಂಟೆಯೊಳಗೆ ಅವಳು ಆರು ಸಲ ‘ಆಯ್ತ್’ ಅಂದಿದ್ದಳು.

ಕಾರಣ ಒಂದು ಫಾರ್ಮು. ಮದುವೆಯಾಗಿ ಮೂವತ್ತು ವರ್ಷವಾಯಿತೆಂದು ಮಗಳು ಸೃಷ್ಟಿ ಅಪ್ಪ ಅಮ್ಮನಿಗೆ ಉತ್ತರ ಸ್ವೀಡನ್ನಿನ ಪ್ರವಾಸ ಗೊತ್ತುಮಾಡಿದ್ದಳು. ನಾಲ್ಕು ದಿನ ಕಾಡಿನ ಹಿಮದ ಹಾದಿಯಲ್ಲಿ ಸ್ನೋಮೊಬೈಲಿನ ಸವಾರಿ. ಒಂದು ಗಾಡಿಗೆ ಇಬ್ಬರು, ಓಡಿಸುವವರು ಒಬ್ಬರೇ, ಮಧ್ಯೆ ಬದಲಾಯಿಸುವಂತಿಲ್ಲ. ಯಾರು ಮುಂದೆ, ಯಾರು ಹಿಂದೆ ಎಂದು ಮೊದಲೇ ಬರೆದು ಕಳಿಸಬೇಕು. ಸೃಷ್ಟಿ ಯಾರನ್ನೂ ಕೇಳದೆ ಡ್ರೈವರ್ ಎಂಬಲ್ಲಿ ಅಪ್ಪನ ಹೆಸರನ್ನೂ ಪ್ಯಾಸೆಂಜರ್ ಎಂಬಲ್ಲಿ ಅಮ್ಮನ ಹೆಸರನ್ನೂ ತುಂಬಿ, ಒಮ್ಮೆ ನೋಡಿ ಎಂದು ವಾಟ್ಸಾಪ್ ಮಾಡಿದ್ದಳು.

ವಸಂತಿ ಅದನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದಳು. ಹನ್ನೊಂದು ವರ್ಷದಿಂದ ಮನೆಯ ವ್ಯಾನು ಓಡಿಸುತ್ತಿರುವವಳು ಅವಳು. ಲಂಡನ್ನಿನ ಗ್ರೀನ್‌ಫರ್ಡಿನ ಕೈಗಾರಿಕಾ ಶೆಡ್ಡಿನಲ್ಲಿ ಗಂಡ ರುಬ್ಬಿದ ದೋಸೆ ಹಿಟ್ಟನ್ನು ದಿನಾ ಕ್ವೀನ್ಸ್‌ಬರಿಯ ಅಂಗಡಿಗಳಿಗೆ, ಸೌತ್‌ಹಾಲಿನ ಹೋಟೆಲುಗಳಿಗೆ ಮುಟ್ಟಿಸುವವಳು ಅವಳು. ಅದೇ ವ್ಯಾನಿನಲ್ಲಿ ಹಿಟ್ಟಿನ ಡಬ್ಬಗಳ ಪಕ್ಕ ಕೂತು ಶಾಲೆಗೆ ಹೋಗಿ ಬಂದವಳು ಈ ಸೃಷ್ಟಿ. ಅಂಥವಳೇ ಡ್ರೈವರ್ ಎಂದರೆ ಅಪ್ಪ ಎಂದು ಬರೆಯುವುದೆಂದರೆ? ವಸಂತಿಗೆ ಬೇಸರವಾಯಿತು, ನಿಜವಾಗಿಯೂ ನೋವಾಯಿತು. ಊರಲ್ಲಿ ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದಾಯಿತು, ಇಲ್ಲಿ ಭಾನುವಾರ ಕಾರಿನಲ್ಲಿ ಎಡಗಡೆ ಕೂತಿದ್ದಾಯಿತು, ವಿಮಾನದಲ್ಲೂ ನಡುವಿನ ಸೀಟೇ. ಒಂದು ಸಲವಾದರೂ ಅವಳಿಗೆ ಮುಂದೆ ಕೂರಬೇಕಿತ್ತು. ಹಿಂದೆ ಗಂಡ ಇದ್ದು, ಮುಂದೆ ದಾರಿ ಮಾತ್ರ ಇರಬೇಕಿತ್ತು.

ಫೋನ್ ಮಾಡಿದಾಗ ಮಗಳು, “ಮಮ್, ಇಟ್ಸ್ ಜಸ್ಟ್ ಎ ಫಾರ್ಮ್,” ಎಂದಳು. ಆಮೇಲೆ ಅಮ್ಮನ ದನಿಯಲ್ಲಿದ್ದ ವಿನಯ ಕೇಳಿ ಹೆದರಿ, ಇವತ್ತು ಸಂಜೆ ಐದರೊಳಗೆ ಅಪ್ಪ ಒಪ್ಪಿ ಹೇಳಿದರೆ ಹೆಸರು ಬದಲಾಯಿಸುತ್ತೇನೆ ಎಂದಳು. ಅವಳಾದರೂ ಅಮ್ಮನ ಗುಟ್ಟು ಬಲ್ಲವಳು.

ವಸಂತಿ ಕಾಫಿ ಕೊಡುತ್ತಾ ಗಂಡನಿಗೆ ಹೇಳಿಯೇಬಿಟ್ಟಳು.

“ಈ ಸಲ ನಾನ್ ಮುಂದೆ ಕೂಕಂತೆ.”

ಕರುಣಾಕರ ನಕ್ಕ. ಕೆಟ್ಟ ನಗುವಲ್ಲ, ಮಗು ತಾನೇ ಬಸ್ಸು ಬಿಡುತ್ತೇನೆ ಅಂದಾಗ ದೊಡ್ಡವರು ನಗುವ ನಗು. ಅದೇ ಹೆಚ್ಚು ಉರಿಯುವುದು. ಹಿಮದಲ್ಲಿ ಇಳಿಜಾರು ಇರುತ್ತದೆ, ಇಳಿಜಾರು ಅಂದರೆ ಹೆಂಗಸರ ಆಟವಲ್ಲ ಎಂದು ಶುರುಮಾಡಿ ಹುಲಿಕಲ್ ಘಾಟಿಗೆ ಹೋದ. ಅವನ ಎಲ್ಲ ಮಾತೂ ಕೊನೆಗೆ ಹೋಗಿ ನಿಲ್ಲುವುದು ಹುಲಿಕಲ್ ಘಾಟಿಯಲ್ಲೇ. ಹರೆಯದಲ್ಲಿ ಶಿವಮೊಗ್ಗದ ಹೋಟೆಲಿನಲ್ಲಿದ್ದಾಗ ಅವನು ರಜೆಗೆ ಘಟ್ಟದ ಕೆಳಗಿನ ಊರಿಗೆ ಬರುತ್ತಿದ್ದುದು ಸ್ಕೂಟರಿನಲ್ಲಿ. ಘಾಟಿಯ ಮೇಲೆ ಮಾಸ್ತಿಕಟ್ಟೆಯಲ್ಲಿ ಎಂಜಿನ್ ಆರಿಸಿ, ಎಡಗೈಯಲ್ಲಿ ಕ್ಲಚ್ ಒತ್ತಿ ಹಿಡಿದರೆ ಕೆಳಗಿನ ಹೊಸಂಗಡಿಯ ತನಕ ಒಂದು ಹನಿ ಪೆಟ್ರೋಲು ಖರ್ಚಾಗದೆ ಗಾಡಿ ತನ್ನಷ್ಟಕ್ಕೆ ಉರುಳುತ್ತಿತ್ತಂತೆ. ಇಂಥ ತಾನು ಹಿಂದೆ ಕೂತರೆ ನೋಡಿದವರು ಏನಂದಾರು? ಸ್ವೀಡನ್ನಿನ ಕಾಡಿನಲ್ಲಿ ನೋಡುವವರು ಯಾರು ಎಂದು ವಸಂತಿ ಕೇಳಲಿಲ್ಲ. ‘ಆಯ್ತ್’ ಅಂದಳು. ಅದು ಏಳನೆಯದು.

ಹೊರಗೆ ಲಂಡನ್ನು ಮೂರು ದಿನದ ಹಿಮಕ್ಕೇ ಕೈಚೆಲ್ಲಿ ಕೂತಿತ್ತು. ಟ್ಯೂಬ್ ರೈಲು ಕುಂಟುತ್ತಿತ್ತು, ಶಾಲೆಗಳು ಮುಚ್ಚಿದ್ದವು, ಕೌನ್ಸಿಲಿನವರು ಉಪ್ಪು ಎರಚಿದ್ದು ದೊಡ್ಡ ರಸ್ತೆಗೆ ಮಾತ್ರ. ಆದರೂ ದೋಸೆ ತಿನ್ನುವವರು ತಿನ್ನುತ್ತಾರೆ. ಇಬ್ಬರೂ ಶೆಡ್ಡಿಗೆ ಬಂದು ವ್ಯಾನಿಗೆ ಬಕೀಟುಗಳನ್ನು ಏರಿಸುತ್ತಿದ್ದಾಗ ಪಕ್ಕದ ಶೆಡ್ಡಿನಿಂದ ಗುಡುಗುಡು ಸದ್ದು ಕೇಳಿತು. ಅದು ಕಲ್ಲಯ್ಯನ ವರ್ಕ್‌ಶಾಪು. ಗದಗದ ಕಡೆಯವನು, ಹುಲ್ಲು ಕತ್ತರಿಸುವ ಯಂತ್ರದಿಂದ ಜನರೇಟರಿನ ತನಕ ಏನು ತಂದುಕೊಟ್ಟರೂ ಬಿಚ್ಚಿ ಜೋಡಿಸಿ ಕೊಡುವವನು. ಸಿನಿಮಾ ಚಿತ್ರೀಕರಣಕ್ಕೆ ಗಾಡಿ ಬಾಡಿಗೆಗೆ ಕೊಡುವ ಯಾರೋ ಅವನ ಬಳಿ ರಿಪೇರಿಗೆ ಬಿಟ್ಟಿದ್ದ ವಸ್ತುವೊಂದು ಎರಡು ತಿಂಗಳಿನಿಂದ ತಾಡಪಾಲು ಹೊದ್ದು ಮೂಲೆಯಲ್ಲಿತ್ತು. ಇವತ್ತು ತಾಡಪಾಲು ತೆಗೆದಿದ್ದ. ಮುಂದೆ ಎರಡು ಹಲಗೆ, ಹಿಂದೆ ರಬ್ಬರಿನ ಅಗಲ ಪಟ್ಟಿ, ಉದ್ದ ಸೀಟು. ಸ್ನೋಮೊಬೈಲು.

ರಿಪೇರಿಯೇನೋ ಮುಗಿದಿದೆ, ಪರೀಕ್ಷೆ ಮಾಡಲು ಲಂಡನ್ನಿನಲ್ಲಿ ಹಿಮ ಬೀಳುವುದನ್ನೇ ಕಾಯುತ್ತಿದ್ದೆ ಎಂದ ಕಲ್ಲಯ್ಯ. ಶೆಡ್ಡುಗಳ ಹಿಂದೆ ಅವನದೇ ಬಾಡಿಗೆಯ ಖಾಲಿ ಜಾಗವಿತ್ತು. ಮೇಲಿನಿಂದ ಕಾಲುವೆ ಬದಿಯ ತಂತಿಬೇಲಿಯ ತನಕ ಇಳಿಜಾರು, ಗಾಳಿಗೆ ಹಿಮವೆಲ್ಲ ಬಂದು ಅಲ್ಲಿ ಗುಡ್ಡೆಬಿದ್ದಿತ್ತು. ವಸಂತಿ ಇಳಿಜಾರನ್ನು ನೋಡಿದಳು, ಗಾಡಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಬಹಳ ವಿನಯದಿಂದ ಫಾರ್ಮಿನ ಕಥೆಯನ್ನು ಕಲ್ಲಯ್ಯನ ಮುಂದೆ ಇಟ್ಟಳು.

ಕಲ್ಲಯ್ಯನಿಗೆ ಬೇರೆಯವರ ಮನೆಯ ಜಗಳ ಎಂದರೆ ಹಬ್ಬ. ಇಬ್ಬರೂ ಒಂದೊಂದು ಸಲ ಇಳಿಸಿ, ಯಾರು ನಯವಾಗಿ ಇಳಿಸುತ್ತಾರೋ ಅವರೇ ಮುಂದೆ ಎಂದು ತೀರ್ಪಿನ ದಾರಿಯನ್ನೂ ಹೇಳಿದ. ನಯ ಅಂದರೆ ಅಳೆಯುವುದು ಹೇಗೆ ಎಂದು ಕರುಣಾಕರ ಕೇಳಿದ. ಹಿಂದಿನ ಸೀಟಿಗೆ ಮುಚ್ಚಳ ತೆಗೆದ ಒಂದು ಬಕೀಟು ನೀರು ಕಟ್ಟಿದರೆ ಸಾಕು ಎಂದ ಕಲ್ಲಯ್ಯ. ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿದೆ, ಬೇಕಾದರೆ ಹಿಟ್ಟಿನ ಬಕೀಟು ಇದೆಯಲ್ಲ ಎಂದು ವಸಂತಿ ನೆನಪಿಸಿದಳು.

ಹಿಟ್ಟು ಎಂದ ಕೂಡಲೇ ಕರುಣಾಕರನ ಎದೆ ಉಬ್ಬಿತು. ಇದಕ್ಕೂ ಒಂದು ಹಿನ್ನೆಲೆಯಿದೆ. ದೋಸೆ ಹಿಟ್ಟು ದಾರಿಯಲ್ಲೂ ಉಬ್ಬುತ್ತಲೇ ಇರುವುದರಿಂದ ಬಕೀಟಿನ ಮುಚ್ಚಳವನ್ನು ಪೂರ್ತಿ ಒತ್ತುವಂತಿಲ್ಲ, ಸಡಿಲ ಬಿಡಬೇಕು. ಹಾಗಿದ್ದೂ ಹನ್ನೊಂದು ವರ್ಷದಲ್ಲಿ ಒಂದು ಹೋಟೆಲಿನವರೂ ಹಿಟ್ಟು ಚೆಲ್ಲಿ ಬಂತು ಎಂದು ದೂರಿದ್ದಿಲ್ಲ. ಇದೆಲ್ಲ ತನ್ನ ಹದದ ಮಹಿಮೆ, ತಾನು ರುಬ್ಬಿದ ಹಿಟ್ಟು ಮರ್ಯಾದಸ್ಥ, ಅದು ಚೆಲ್ಲುವುದಿಲ್ಲ ಎಂದು ಅವನು ಕಂಡಕಂಡವರಿಗೆಲ್ಲ ಕೊಚ್ಚಿಕೊಂಡಿದ್ದ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನು ವ್ಯಾನಿನಲ್ಲಿ ಹೆಂಡತಿಯ ಪಕ್ಕ ಕೂತಿರಲಿಲ್ಲ. ಅವಳು ಹಿಟ್ಟು ಮುಟ್ಟಿಸಲು ಹೊರಟಾಗ ಅವನಿಗೆ ಮರುದಿನದ ಅಕ್ಕಿ ತೊಳೆಯುವ ಕೆಲಸ.

ಕೂತಿದ್ದರೆ ಗೊತ್ತಾಗುತ್ತಿತ್ತು. ಸಿಗ್ನಲು ದೂರದಲ್ಲಿ ಕೆಂಪಾದದ್ದು ಕಂಡ ಕೂಡಲೇ ವಸಂತಿ ಕಾಲು ಎತ್ತಿಬಿಡುತ್ತಾಳೆ. ನಾಲ್ಕರಿಂದ ಮೂರು, ಮೂರರಿಂದ ಎರಡನೇ ಗೇರು. ಎಂಜಿನ್ನೇ ವ್ಯಾನನ್ನು ಹಿಡಿದು ಹಿಡಿದು ನಿಧಾನ ಮಾಡುತ್ತದೆ, ಬ್ರೇಕಿಗೆ ಕಾಲು ತಾಗುವುದು ಕೊನೆಯ ಎರಡು ಮಾರು ಇರುವಾಗ. ಬ್ರೇಕ್ ಒತ್ತದಿದ್ದರೆ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲ, ಹಿಂದಿನವರು ಬೆಚ್ಚಿ ಹಾರ್ನ್ ಬಾರಿಸುತ್ತಾರೆ. ಬಾರಿಸಲಿ. ಅವರ ಕಾರಿನಲ್ಲಿ ಹಿಟ್ಟಿಲ್ಲ. ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಮೊದಲ ತಿಂಗಳು ಮೂರು ಸಲ ವ್ಯಾನು ತೊಳೆದ ಮೇಲೆ ಕಾಲು ತಾನಾಗಿ ಕಲಿತದ್ದು.

ಹೆಲ್ಮೆಟ್ ಕೊಟ್ಟು ಕಲ್ಲಯ್ಯ ಪಾಠ ಶುರುಮಾಡಿದ. ಬಲಗೈ ಹೆಬ್ಬೆರಳಿನ ಹತ್ತಿರ ಒಂದು ಸಣ್ಣ ಹಿಡಿ. ಅದನ್ನು ಒತ್ತಿದರೆ ಓಟ.

“ಇದು ಫೋರ್‌ಸ್ಟ್ರೋಕ್ ಐತ್ರಿ ಅಕ್ಕಾರ. ಹೆಬ್ಬಟ್ಟ ಬಿಟ್ರಿ ಅಂದ್ರ ಎಂಜಿನ್ನ ಗಾಡಿ ಹಿಡೀತೈತಿ, ಭಾಳ ಜೋರ ಹಿಡೀತೈತಿ. ಇಳಿಜಾರದಾಗ ಒಮ್ಮೆಲೇ ಬಿಡಬ್ಯಾಡ್ರಿ, ಸಾವಕಾಶ ಬಿಡ್ರಿ. ಎಡಗೈಯಾಗಿಂದು ಬ್ರೇಕ್. ಕ್ಲಚ್ ಅಲ್ಲ, ಬ್ರೇಕ್.”

ಹಳೆಯ ಟೂಸ್ಟ್ರೋಕ್ ಗಾಡಿಗಳು ಹೆಬ್ಬೆರಳು ಬಿಟ್ಟರೂ ಜಾರುತ್ತಲೇ ಹೋಗುತ್ತವೆ, ಇದು ಹಾಗಲ್ಲ ಎಂದೂ ಬಿಡಿಸಿ ಹೇಳಿದ. ಕಾಡಿನ ತಿರುವಿನ ಹಾದಿಯಲ್ಲಿ ಈ ಎಂಜಿನ್ ಹಿಡಿತ ಪಳಗಿದರೆ ಬ್ರೇಕೇ ಬೇಡ. ಪಳಗದಿದ್ದರೆ ಹಿಂದೆ ಕೂತವರ ಮೂಗು ನಿಮ್ಮ ಬೆನ್ನಿಗೆ. ಇನ್ನೊಂದು ವಿಷಯ, ಈ ಎಂಜಿನ್ನಿಗೆ ತಂಪು ಕೊಡುವುದೇ ಅಡಿಯಿಂದ ಚಿಮ್ಮುವ ಹಿಮ. ಇಲ್ಲಿ ಬಿದ್ದಿರುವುದು ಸಾಲದು, ಬೇಗ ಕಾಯುತ್ತದೆ. ಮೂರು ಸಲ ಇಳಿಸಬಹುದು, ನಾಲ್ಕನೆಯದು ಕೇಳಬೇಡಿ.

ಎಡಗೈಯದು ಬ್ರೇಕ್ ಎಂಬ ಮಾತು ಬರುವಾಗ ಕರುಣಾಕರ ಏನು ಮಾಡುತ್ತಿದ್ದ? ಕಾಲುವೆಯ ಕಡೆ ಕೈ ತೋರಿಸಿ, ಹೊಸಂಗಡಿಯ ಹತ್ತಿರವೂ ಹೀಗೇ ಒಂದು ಹಳ್ಳ ಬರುತ್ತದೆ ಎಂದು ಗಾಳಿಗೆ ಹೇಳುತ್ತಿದ್ದ. ಕಲ್ಲಯ್ಯನ ಮಾತು ಅವನ ಹೆಲ್ಮೆಟ್ಟಿಗೆ ಬಡಿದು ಬಿತ್ತು. ಅದನ್ನು ವಸಂತಿ ನೋಡಿದಳು. ಒಂದು ಮಾತು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂತು. ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಸರಿಮಾಡಿಕೊಂಡಳು.

ಮೊದಲ ಸವಾರಿ ಕರುಣಾಕರನದು. ಹಿಂದಿನ ಸೀಟಿಗೆ ಬಕೀಟನ್ನು ಹಗ್ಗದಿಂದ ಬಿಗಿದರು. ಹಿಟ್ಟು ಅಂಚಿನಿಂದ ನಾಲ್ಕು ಬೆರಳು ಕೆಳಗೆ, ನೊರೆಯಾಡುತ್ತಾ ಸುಮ್ಮನಿತ್ತು. ಅವನು ಮದುವೆ ಗಂಡಿನ ಗತ್ತಿನಲ್ಲಿ ಕೂತು ಹೆಬ್ಬೆರಳು ಒತ್ತಿದ. ಗಾಡಿ ಎದ್ದುಹೋಯಿತು. ಇಳಿಜಾರಿನ ಅರ್ಧಕ್ಕೆ ಬಂದಾಗ, ಇನ್ನು ತನ್ನಷ್ಟಕ್ಕೆ ಉರುಳಲಿ ಎಂದು ಹೆಬ್ಬೆರಳನ್ನು ಪೂರ್ತಿ ಬಿಟ್ಟ. ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದಂತೆ ಗಾಡಿ ತಡೆಯಿತು. ಹಿಟ್ಟು ಮುಂದಕ್ಕೆ ಬಂದು ಅಂಚು ಮುಟ್ಟಿ ಹಿಂದೆ ಸರಿಯಿತು. ಇಳಿಜಾರಿನಲ್ಲಿ ಎಂಜಿನ್ ಹಿಡಿಯುವುದೆಂದರೆ ಕರುಣಾಕರನ ಪ್ರಕಾರ ಅದು ಗಾಡಿಯ ರೋಗ. ಅದಕ್ಕೆ ಮದ್ದು ಅವನ ಎಡಗೈಗೆ ನಲವತ್ತು ವರ್ಷದಿಂದ ಗೊತ್ತು. ಎಡಗೈಯ ನಾಲ್ಕೂ ಬೆರಳುಗಳಿಂದ ಹಿಡಿಯನ್ನು ಮುಷ್ಟಿಗಟ್ಟಿ ಒತ್ತಿದ.

ಗಾಡಿ ನಿಂತಿತು. ಹಿಟ್ಟು ನಿಲ್ಲಲಿಲ್ಲ. ಮರ್ಯಾದಸ್ಥ ಹಿಟ್ಟು ಒಟ್ಟಾಗಿ ಎದ್ದು ಅವನ ಕುತ್ತಿಗೆಯ ಹಿಂದೆ, ಹೆಲ್ಮೆಟ್ಟಿಗೂ ಕೋಟಿಗೂ ನಡುವೆ ಇದ್ದ ಸಂದಿನಲ್ಲಿ ಒಳಗಿಳಿಯಿತು. ಅವನು ಮೊದಲು ಗಾಳಿತಡೆಯ ಗಾಜಿಗೆ ಎದೆ ಕೊಟ್ಟು, ಆಮೇಲೆ ಪಕ್ಕಕ್ಕೆ ವಾಲಿ ಹಿಮದೊಳಗೆ ಮೆತ್ತಗೆ ಮಲಗಿದ. ಬಿಳಿಯ ಮೇಲೆ ಬಿಳಿ. ಮೇಲಿನಿಂದ ನೋಡಿದರೆ ಎರಡು ಬೂಟು ಮಾತ್ರ ಕಾಣುತ್ತಿದ್ದವು.

ವಸಂತಿ ಓಡಿ ಇಳಿದಳು, ಎರಡು ಸಲ ಜಾರಿದಳು. ಗಂಡ ಎದ್ದು ಕೂತು ತುಟಿಯ ಮೇಲಿನ ಹಿಟ್ಟು ನೆಕ್ಕಿ, ಉಪ್ಪು ಒಂಚೂರು ಕಡಿಮೆಯಾಯಿತು ಎಂದಾಗ ಅವಳಿಗೆ ಜೀವ ಬಂತು. ಜೀವ ಬಂದ ಮೇಲೆ ನಗು ಬಂತು. ನಕ್ಕರೆ ಮನೆತನಕ ಮುಗಿಯುವುದಿಲ್ಲವೆಂದು ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದಳು. ಕಲ್ಲಯ್ಯನಿಗೆ ಅಂಥ ಕಷ್ಟವಿರಲಿಲ್ಲ, ಅವನು ಮೇಲೆ ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದ.

ಎರಡನೆಯ ಸವಾರಿ ಅವಳದು. ಕಲ್ಲಯ್ಯ ಗಾಡಿಯನ್ನು ಮೇಲಕ್ಕೆ ತಂದ ಮೇಲೆ ಹೊಸ ಬಕೀಟು ಕಟ್ಟಿದರು. ಕೂತ ಮೇಲೆ ತಿಳಿಯಿತು, ಮೇಲೆ ನಿಂತು ಕಂಡ ಇಳಿಜಾರೇ ಬೇರೆ, ಹ್ಯಾಂಡಲ್ ಹಿಡಿದು ಕಾಣುವ ಇಳಿಜಾರೇ ಬೇರೆ. ಬೇಲಿ, ಅದರಾಚೆ ಕಪ್ಪು ಕಾಲುವೆ. ಇದು ತಪ್ಪಿದರೆ ನಾಲ್ಕು ದಿನ ಗಂಡನ ಬೆನ್ನು ನೋಡುತ್ತಾ ಹೋಗಬೇಕು, ಆಮೇಲೆ ನಲವತ್ತು ವರ್ಷ ಈ ಕಥೆ ಕೇಳಬೇಕು.

ಹೊರಟಳು. ಇಳಿಯತೊಡಗಿದ ಕೂಡಲೇ ವ್ಯಾನಿನ ಅಭ್ಯಾಸದಂತೆ ಹೆಬ್ಬೆರಳನ್ನು ಎತ್ತಿದಳು. ವ್ಯಾನಿಗಿಂತ ಮೂರು ಪಟ್ಟು ಜೋರಾಗಿ ಎಂಜಿನ್ ಹಿಡಿಯಿತು. ಬೆನ್ನ ಹಿಂದೆ ಹಿಟ್ಟು ಬಕೀಟಿಗೆ ಪಚಕ್ಕೆಂದು ಹೊಡೆದ ಸದ್ದು ಕೇಳಿತು. ಆ ಸದ್ದು ಅವಳಿಗೆ ಹನ್ನೊಂದು ವರ್ಷದ ಪರಿಚಯ. ಸೌತ್‌ಹಾಲಿನ ಬ್ರಾಡ್‌ವೇಯಲ್ಲಿ ಯಾರಾದರೂ ನೋಡದೆ ರಸ್ತೆ ದಾಟಿದಾಗ ಕೇಳುವ ಸದ್ದು ಅದೇ. ಹೆಬ್ಬೆರಳು ತಾನಾಗಿ ಕೂದಲೆಳೆಯಷ್ಟು ಕೆಳಗೆ ಹೋಯಿತು. ಹಿಡಿತ ಸಡಿಲವಾಯಿತು. ಸ್ವಲ್ಪ ಬಿಟ್ಟಳು, ಗಾಡಿ ನಿಧಾನವಾಯಿತು. ಸ್ವಲ್ಪ ಒತ್ತಿದಳು, ಮುಂದೆ ಹೋಯಿತು. ಪೂರ್ತಿ ಬಿಡುವುದೂ ಅಲ್ಲ, ಪೂರ್ತಿ ಒತ್ತುವುದೂ ಅಲ್ಲ, ನಡುವೆ ಎಲ್ಲೋ ಒಂದು ಜಾಗ. ಆ ಜಾಗ ಸಿಕ್ಕಿದ ಮೇಲೆ ಅವಳಿಗೆ ಭಯ ಹೋಗಿ ಬರೀ ಸುಖ ಉಳಿಯಿತು. ಎಡಗೈಯನ್ನು ಮುಟ್ಟದೆಯೇ ಬೇಲಿಯಿಂದ ಹತ್ತು ಮಾರು ದೂರದಲ್ಲಿ ತಂದು ನಿಲ್ಲಿಸಿದಳು.

ಬಕೀಟಿನ ಹೊರಮೈಯಲ್ಲಿ ಒಂದು ಸಣ್ಣ ಸೌಟಿನಷ್ಟು ಹಿಟ್ಟು ಇಳಿದಿತ್ತು. ಕರುಣಾಕರ ಬಗ್ಗಿ ನೋಡಿದ. ಈ ಬಕೀಟಿನ ಹಿಟ್ಟು ಗಟ್ಟಿ, ತನಗೆ ಕೊಟ್ಟದ್ದು ನೀರು ಎಂದ. ಎರಡೂ ಒಂದೇ ಗ್ರೈಂಡರಿನದು, ರುಬ್ಬಿದವನೂ ಒಬ್ಬನೇ ಎಂದು ಕಲ್ಲಯ್ಯ ಜ್ಞಾಪಿಸಿದ. ಕರುಣಾಕರ ಇನ್ನೊಂದು ದಾರಿ ಹಿಡಿದ.

“ಬಕೀಟಿಗ್ ಹೆದ್ರಿಕೆ ಇತ್ತಾ? ಮನ್ಷರ್ ಹಿಂದ್ ಕೂಕಂಡ್ರೆ ಗೊತ್ತಾತ್ತ್. ನನ್ನ ಕೂರ್ಸಕಂಡ್ ಇಳ್ಸ್ ಕಾಂಬ. ನೀನ್ ಎಲ್ ಗಾಡಿ ನಿಲ್ಸ್‌ದೆ ಅಂದೇಳಿ ನಂಗ್ ಗೊತ್ತಾಯ್ಲಿಲ್ಲೆ ಅಂದ್ರೆ, ನಾನೇ ಸೃಷ್ಟಿಗ್ ಫೋನ್ ಮಾಡಿ ಹೇಳ್ತೆ. ಹೆಸ್ರ್ ನಿನ್ದೇ.”

ಗಾಡಿ ನಿಂತದ್ದು ಕೂತವನಿಗೆ ಗೊತ್ತಾಗದಿರುವುದುಂಟೇ? ಸೋಲುವುದು ಸಾಧ್ಯವೇ ಇಲ್ಲದ ಪಂದ್ಯವನ್ನು ಹುಡುಕಿ ತೆಗೆದ ಜಾಣತನಕ್ಕೆ ಅವನೇ ಒಳಗೊಳಗೆ ತಲೆದೂಗಿದ. ವಸಂತಿಗೂ ಅದು ತಿಳಿಯಿತು. ಇನ್ನೊಬ್ಬಳಾಗಿದ್ದರೆ ಇದು ಅನ್ಯಾಯ ಎನ್ನುತ್ತಿದ್ದಳು. ಅವಳು ‘ಆಯ್ತ್’ ಅಂದಳು. ಕಲ್ಲಯ್ಯ ಗಾಡಿಯ ಬಿಸಿ ತೋರಿಸುವ ಮುಳ್ಳನ್ನು ನೋಡಿ, ಇದೇ ಕೊನೆಯದು ಎಂದ.

ಹತ್ತುವ ಮೊದಲು ಅವಳಿಗೆ ಮನಸ್ಸು ತಡೆಯಲಿಲ್ಲ. ಎಡಗೈಯದು ಬ್ರೇಕ್ ಎಂದು ಕಲ್ಲಯ್ಯ ಹೇಳಿದ್ದು ನಿಮಗೆ ಕೇಳಿಸಲಿಲ್ಲವೆಂದು ನನಗೆ ಗೊತ್ತಿತ್ತು, ಬೇಕೆಂದೇ ಸುಮ್ಮನಿದ್ದೆ ಎಂದು ಗಂಡನಿಗೆ ಹೇಳಿಬಿಟ್ಟಳು. ಕರುಣಾಕರ ಕಾಲರಿನೊಳಗಿಂದ ಒಂದು ಹಿಡಿ ಹಿಟ್ಟು ತೆಗೆದು ಹಿಮಕ್ಕೆ ಎಸೆದ. ನಿನ್ನನ್ನು ಇಷ್ಟು ವರ್ಷ ಪಾಪದವಳು ಎಂದುಕೊಂಡಿದ್ದೆನಲ್ಲ ಎಂದಷ್ಟೇ ಹೇಳಿ ಹಿಂದಿನ ಸೀಟು ಏರಿದ.

ಮೇಲಿನಿಂದ ಹೊರಡುವಾಗ ಅವನು ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ತನಿಖೆಗೆ ಬಂದ ಅಧಿಕಾರಿಯ ಹಾಗೆ ಕೂತಿದ್ದ. ಐದು ಮಾರು ಹೋಗುವಷ್ಟರಲ್ಲಿ ಒಂದು ಕೈ ಅವಳ ಕೋಟಿನ ಅಂಚು ಹಿಡಿಯಿತು. ಇಳಿಜಾರು ಶುರುವಾದ ಕೂಡಲೇ ಎರಡೂ ಕೈಗಳು ಸೊಂಟ ಸುತ್ತಿದವು. ಹಿಂದೆ ಕೂತವನಿಗೆ ಹಿಡಿಯಲು ಹ್ಯಾಂಡಲ್ ಇಲ್ಲ, ಒತ್ತಲು ಕ್ಲಚ್ ಇಲ್ಲ, ದಾರಿ ಕಾಣಲು ಮುಂದಿನವರ ಹೆಲ್ಮೆಟ್ ಅಡ್ಡ. ಈ ಸೀಟಿನಲ್ಲಿ ಕೂರುವುದೆಂದರೆ ಏನೆಂದು ಹೇಳಿಕೊಡಲು ವಸಂತಿಗೆ ಇನ್ನೇನೂ ಬೇಕಿರಲಿಲ್ಲ. ಹೆಬ್ಬೆರಳನ್ನು ಒಮ್ಮೆ ಪೂರ್ತಿ ಬಿಟ್ಟರೆ ಸಾಕು, ಅವನ ಮೂಗು ತನ್ನ ಬೆನ್ನಿಗೆ. ಫಾರ್ಮಿನಲ್ಲಿ ಹೆಸರು ಹೋದರೆ ಹೋಗಲಿ, ಅಷ್ಟು ರುಚಿಯ ಸೇಡು ಮತ್ತೆ ಸಿಗುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿಯೂ ಅನ್ನಿಸಿತು.

ಆಗ ಅವನ ಎದೆ ಬಡಿದುಕೊಳ್ಳುವುದು ಎರಡು ಕೋಟುಗಳನ್ನು ದಾಟಿ ಅವಳ ಬೆನ್ನಿಗೆ ತಾಗಿತು. ಹುಲಿಕಲ್ ಘಾಟಿಯ ವೀರ ಹೆದರಿದ್ದ. ಅವಳಿಗೆ ಅವನ ಮೇಲೆ ಬಹಳ ದಿನಗಳ ಮೇಲೆ ಪ್ರೀತಿ ಉಕ್ಕಿ ಬಂತು. ಮಾತಾಡುವ ಹೊತ್ತು ಅದಲ್ಲ. ಭಾರ ಹೆಚ್ಚಿದ್ದರಿಂದ ಗಾಡಿ ಜೋರಾಗಿ ನುಗ್ಗುತ್ತಿತ್ತು. ಅವಳು ಹೆಬ್ಬೆರಳನ್ನು ಮೊದಲಿಗಿಂತ ಬೇಗ ಶುರುಮಾಡಿ, ಮೊದಲಿಗಿಂತ ನಿಧಾನವಾಗಿ, ಎಳೆ ಎಳೆಯಾಗಿ ಸಡಿಲಿಸುತ್ತಾ ಬಂದಳು. ಎಂಜಿನ್ನಿನ ದನಿ ತಗ್ಗಿತು. ಹಿಮ ಅಡಿಯಲ್ಲಿ ಸರಿಯುವ ಸದ್ದು ತಗ್ಗಿತು. ಇಳಿಜಾರು ಮುಗಿದು ಸಮತಟ್ಟು ಬಂತು. ಅವಳು ಕೊನೆಯ ಕೂದಲೆಳೆಯನ್ನೂ ಬಿಟ್ಟಳು.

ಗಾಡಿ ನಿಂತಿತ್ತು. ಎಂಜಿನ್ ಮಾತ್ರ ನಿಂತಲ್ಲೇ ಗುಡುಗುಡು ನಡುಗುತ್ತಿತ್ತು, ಮುಖಕ್ಕೆ ಗಾಳಿಯ ಹಿಮ ಬಡಿಯುತ್ತಲೇ ಇತ್ತು. ಮೇಲೆ ಕಲ್ಲಯ್ಯ ಎರಡೂ ಕೈ ಎತ್ತಿ ನಿಂತಿದ್ದ. ಬೇಲಿಯ ಆಚೆ ಒಂದು ಬಾತುಕೋಳಿ ಕಾಲುವೆಯಿಂದ ಎದ್ದು ಬಂದು ಇವರನ್ನು ನೋಡಿ, ಹೊರಟುಹೋಯಿತು. ಕರುಣಾಕರನ ಕೈಗಳು ಸಡಿಲವಾಗಲಿಲ್ಲ. ಅವನ ಹೆಲ್ಮೆಟ್ಟು ಅವಳ ಬೆನ್ನಿಗೆ ಒತ್ತಿಕೊಂಡೇ ಇತ್ತು. ಕಣ್ಣು ಮುಚ್ಚಿದ್ದಾನೆಂದು ತಿರುಗಿ ನೋಡದೆಯೇ ಅವಳಿಗೆ ತಿಳಿಯಿತು.

“ಹೆಣ್ಣೇ,” ಎಂದ ಅವನು ಸಣ್ಣ ದನಿಯಲ್ಲಿ, “ಇನ್ನ್ ಎಷ್ಟ್ ದೂರ ಇತ್ತ್?”

ವಸಂತಿ ಬೇಲಿಯನ್ನು ನೋಡಿದಳು. ಆಮೇಲೆ ತನ್ನ ಸೊಂಟದ ಸುತ್ತ ಗಂಟು ಬಿದ್ದಿದ್ದ ಆ ಎರಡು ಕೈಗಳನ್ನು ನೋಡಿದಳು.

“ಇನ್ನ್ ಚೂರ್ ಇತ್ತ್. ಗಟ್ಟಿ ಹಿಡ್ಕಣಿ.”

ಅವನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.